ಕಾಣೆಯಾದ ಮೂಲೆಗಲ್ಲೂ ಮೂಟೆ ಇದ್ದಿಲೂ

ನಮ್ಮ ಬೀದಿಯಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬನಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಬೇರೆ ಯಾರೂ ಇದುವರೆಗೆ ಹೇಳಿಲ್ಲ. ನಾನು ಬಣ್ಣದ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವನು. ಬಿಳಿ ಬಣ್ಣ ಒಂದನ್ನೇ ನಲವತ್ತು ಹೆಸರಿಟ್ಟು ಮಾರಿದ್ದೇನೆ. ಕೊಂಡವರೆಲ್ಲ ತಮ್ಮ ಗೋಡೆಯ ಬಿಳುಪೇ ಬೇರೆ ಎಂದು ಸಂತೋಷವಾಗಿದ್ದಾರೆ. ಮಾತಿಗೂ ಒಂದೆರಡು ಕೋಟು ಹೆಚ್ಚಿಗೆ ಬಳಿಯುವುದು ನನ್ನ ಕಸುಬಿನ ಗುಣ. ಅದನ್ನು ಸುಳ್ಳು ಅನ್ನುವವರು ಬಣ್ಣವನ್ನೂ ಸುಳ್ಳು ಅನ್ನಬೇಕಾಗುತ್ತದೆ.

ಆವತ್ತು ರಜೆಯ ದಿನ. ಬಾಮೈದ ಬಂದಿದ್ದ. ಬಂದವನು ಸುಮ್ಮನೆ ಟೀ ಕುಡಿದು ಹೋಗಿದ್ದರೆ ಜಗತ್ತಿಗೆ ಏನೂ ನಷ್ಟವಿರಲಿಲ್ಲ. ಅವನು ತನ್ನ ಹೊಸ ಫ್ಲಾಟಿನ ಬಾಲ್ಕನಿಯ ವಿಷಯ ತೆಗೆದ. ಬಾಲ್ಕನಿ ಎಷ್ಟು ದೊಡ್ಡದೆಂದರೆ ಅದರಲ್ಲಿ ಒಂದು ಸೋಫಾ ಹಾಕಿ, ಸೋಫಾದ ಸುತ್ತ ಜನ ಓಡಾಡಬಹುದಂತೆ. ನನ್ನ ಹೆಂಡತಿ ತಮ್ಮನ ಮಾತಿಗೆ ತಲೆದೂಗಿದಳು. ತಲೆದೂಗಿದ್ದು ನನಗೆ ಸರಿಬರಲಿಲ್ಲ. ಬಾಮೈದನ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ.

ನಮ್ಮ ಹಿತ್ತಲು ಹೇಳಿಕೊಳ್ಳುವಂಥದ್ದಲ್ಲ. ಆದರೆ ಬಲಗಡೆ ನಮಗೂ ಪಕ್ಕದ ಮನೆಗೂ ನಡುವೆ ಇರುವ ಬೇಲಿ ಅರ್ಧಕ್ಕೇ ನಿಂತುಹೋಗಿದೆ. ಆಮೇಲೆ ಬರೀ ಬಯಲು. ಬೇಲಿಯಿಲ್ಲದ ಕಡೆ ನಿಂತು ನೋಡಿದರೆ ಯಾರ ಹಿತ್ತಲಾದರೂ ದೊಡ್ಡದಾಗಿಯೇ ಕಾಣುತ್ತದೆ. ನಾನು ಕೈ ಚಾಚಿ ಪಕ್ಕದ ಮನೆಯ ಸಿಮೆಂಟಿನ ನೀರಿನ ತೊಟ್ಟಿಯನ್ನು ತೋರಿಸಿ, ಅಲ್ಲಿಯವರೆಗೂ ನಮ್ಮದೇ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪಾಪ, ಪಕ್ಕದವರಿಗೆ ಜಾಗ ಸಾಲದು ಅಂತ ಬಿಟ್ಟುಕೊಟ್ಟಿದ್ದೀನಿ ಎಂದೂ ಸೇರಿಸಿದೆ. ಎರಡನೇ ಕೋಟು.

ತೊಟ್ಟಿಯ ಹಿಂದಿನಿಂದ ಒಂದು ತಲೆ ಮೇಲೆದ್ದಿತು.

ಅದು ಡ್ರಿಲ್ ಮೇಷ್ಟ್ರ ತಲೆ. ನಿವೃತ್ತರಾದ ಮೇಲೂ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಇರುವ ಮನುಷ್ಯ. ತೊಟ್ಟಿಯ ಹಿಂದೆ ಬಸ್ಕಿ ಹೊಡೆಯುತ್ತಿದ್ದರಂತೆ. ಕೂತಾಗ ಕಾಣಿಸರು, ಎದ್ದಾಗ ಕಾಣಿಸುತ್ತಾರೆ. ನನ್ನ ದುರದೃಷ್ಟಕ್ಕೆ ನಾನು ಮಾತಾಡಿದ್ದೆಲ್ಲ ಅವರು ಕೂತಿದ್ದಾಗ. ಯಾರು ಯಾರಿಗೆ ಏನು ಬಿಟ್ಟುಕೊಟ್ಟರು ಎಂದು ಬಹಳ ಮೆಲ್ಲಗೆ ಕೇಳಿದರು. ಇಡೀ ಮೈದಾನಕ್ಕೆ ಕೇಳುವಂತೆ ಕೂಗಿ ಬದುಕಿದವರು ಮೆಲ್ಲಗೆ ಮಾತಾಡಿದರೆ ಹೆದರಬೇಕು. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ತಪ್ಪಾಯಿತು ಎಂದುಬಿಡುತ್ತಿದ್ದರು. ಆದರೆ ಪಕ್ಕದಲ್ಲಿ ಬಾಮೈದ ನಿಂತಿದ್ದ.

"ದೊಡ್ಡ ವಿಷಯ ಏನಲ್ಲ ಮೇಷ್ಟ್ರೇ," ಎಂದೆ, "ಇಟ್ಕೊಳ್ಳಿ."

ಮೇಷ್ಟ್ರ ಕಿವಿ ಕೆಂಪಾದದ್ದು ನಾನು ಕಂಡೆ. ನಮ್ಮ ಅಂಗಡಿಯಲ್ಲಿ ಆ ಕೆಂಪಿನ ಡಬ್ಬಿ ಇಲ್ಲ. ಅವರು ಸರ್ವೇಯರನ್ನು ಕರೆಸುತ್ತೇನೆ ಎಂದರು. ನನ್ನ ದಾನ ಎಷ್ಟುದ್ದ ಎಷ್ಟಗಲ ಎಂದು ಎಲ್ಲರಿಗೂ ಗೊತ್ತಾಗಲಿ ಎಂದರು. ಎಡಕ್ಕೆ ತಿರುಗಿ, ಹೆಜ್ಜೆ ಹಾಕಿಕೊಂಡು ಒಳಗೆ ಹೋದರು.

ಅದೇ ಹೊತ್ತಿಗೆ ನಮ್ಮ ಹಿತ್ತಲ ಮೂಲೆಯ ಕೋಣೆಯಿಂದ ಬರುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು.

ಈಗ ಆ ಕೋಣೆಯ ವಿಷಯ ಹೇಳಬೇಕು. ನಮ್ಮ ಹಿತ್ತಲ ಬಲಮೂಲೆಯಲ್ಲಿ ಹೆಂಡತಿ ತನಗೊಂದು ಹೊಲಿಗೆ ಕೋಣೆ ಕಟ್ಟಿಸಿದ್ದಾಳೆ. ಅದಕ್ಕೆ ಮುಂಚೆ ಅವಳು ಅಡಿಗೆಮನೆಯಲ್ಲಿ ಕೂತು ಹೊಲಿಯುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಒಗ್ಗರಣೆಯ ವಾಸನೆಯ ರವಿಕೆ ತೊಡುತ್ತಿದ್ದರು. ಕೋಣೆ ಅವಳ ದುಡಿಮೆಯದು. ನಾನು ಬಣ್ಣ ಕೊಟ್ಟೆ, ಅದೂ ಮುಚ್ಚಳ ಒಣಗಿದ ಡಬ್ಬಿಗಳದ್ದು. ಬಟ್ಟೆ ಕತ್ತರಿಸಲು ಒಂದು ಭಾರೀ ಮೇಜು ತರಿಸಿ, ಅದನ್ನು ಒಳಗಿಟ್ಟ ಮೇಲೆಯೇ ಕೊನೆಯ ಗೋಡೆ ಎಬ್ಬಿಸಿದರು. ಆ ಮೇಜು ಯಾವ ಬಾಗಿಲಿನಿಂದಲೂ ಹೊರಗೆ ಬರುವುದಿಲ್ಲ. ಕೋಣೆ ಇದ್ದರೆ ಮೇಜು, ಮೇಜಿದ್ದರೆ ಅವಳು. ಕೋಣೆ ಕಟ್ಟುವಾಗ ಹಿತ್ತಲ ಆ ಮೂಲೆಯಲ್ಲಿ ಗಡಿಕಲ್ಲು ಇರಲಿಲ್ಲ. ಹಳೆಯ ಬೇಲಿಯ ನೇರಕ್ಕೆ ಕಣ್ಣಳತೆಯಲ್ಲಿ ಗೋಡೆ ಬಂದಿತ್ತು.

ಹೆಂಡತಿ ಹಿತ್ತಲಿಗೆ ಬಂದು ಬಾಮೈದನ ಎದುರಿಗೇ ಹೇಳಿದಳು: "ರೀ, ನಿಮ್ಮ ಬಾಯಿ ಅಳೆಯೋಕೆ ಯಾರನ್ನೂ ಕರೆಸೋದು ಬೇಡ. ಈ ಗೋಡೆ ಒಂದು ಗೇಣು ಆಚೆ ಹೋಗಿದೆ ಅಂತಾದ್ರೆ ನಾನು ಎಲ್ಲಿ ಕೂತು ಹೊಲೀಲಿ?"

ನಾನು ಧೈರ್ಯ ಹೇಳಿದೆ. ಇಂಥ ನೂರು ಸರ್ವೇಯರುಗಳನ್ನು ಕಂಡಿದ್ದೇನೆ ಎಂದೆ. ನಿಜ ಹೇಳಬೇಕೆಂದರೆ ಕಂಡದ್ದು ಒಬ್ಬರನ್ನು, ಅದೂ ಅವರು ಬಾತ್ರೂಮಿಗೆ ಹಳದಿ ಬಣ್ಣ ಕೊಳ್ಳಲು ಬಂದಾಗ.

ಸರ್ವೇಯರು ಹೆಂಗಸು ಎಂದು ತಿಳಿದದ್ದು ಜೀಪಿನಿಂದ ಇಳಿದಾಗ. ಎದುರುಮನೆಯ ಕಿಟಕಿಗಳಲ್ಲಿ ಆಗಲೇ ಮುಖಗಳು ತುಂಬಿದ್ದವು. ಅಗಲವಾದ ಟೊಪ್ಪಿ, ಕಪ್ಪು ಕನ್ನಡಕ, ಬಾಯಿತುಂಬ ಮಾತು. ಬೀದಿಯವರು ಆ ಕ್ಷಣದಿಂದಲೇ ಸರ್ವೇಯರಮ್ಮ ಎಂದು ಕರೆಯತೊಡಗಿದರು. ನಾನು ಬಡಾಯಿಗಾರ ಎಂದು ಹೇಳುವವರು ಆಕೆಯ ಮಾತು ಕೇಳಬೇಕಿತ್ತು. ಆಕೆ ಹುಡುಕಿ ಸಿಗದ ಮೂಲೆ ಈ ಭೂಮಿಯ ಮೇಲೆ ಇಲ್ಲವಂತೆ. ಒಮ್ಮೆ ಕೆರೆಯ ತಳದಲ್ಲಿದ್ದ ಗಡಿಕಲ್ಲನ್ನು ದಡದಲ್ಲೇ ನಿಂತು ಗುರುತಿಸಿದರಂತೆ. ಎಲ್ಲರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಮಾತಿಗೆ ಮಾತ್ರ ಇವರು ಬಾಯಿ ಬಿಡುವುದಿಲ್ಲ.

ಬೀದಿಯ ಕಡೆಯ ಮೂಲೆಯಲ್ಲಿ ಎರಡು ಮನೆಯ ನಡುವಿನ ಕಲ್ಲು ನೆಟ್ಟಗೆ ಇತ್ತು. ಹಿತ್ತಲಿನದು ಮಾಯ. ಸರ್ವೇಯರಮ್ಮ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಮುಂದಿನ ಕಲ್ಲು ಬಾಗಿಲ ಕೀಲು ಇದ್ದ ಹಾಗೆ. ಗಡಿಗೆರೆ ಬಾಗಿಲು. ಹಿಂದಿನ ಕಲ್ಲು ಎಲ್ಲಿತ್ತು ಅನ್ನುವುದು ಗೊತ್ತಾಗುವವರೆಗೆ ಬಾಗಿಲು ಅತ್ತಲೂ ತಿರುಗಬಹುದು, ಇತ್ತಲೂ ತಿರುಗಬಹುದು. ಅತ್ತ ತಿರುಗಿದರೆ ಮೇಷ್ಟ್ರ ತೊಟ್ಟಿಗೆ ಬಡಿಯುತ್ತದೆ. ಇತ್ತ ತಿರುಗಿದರೆ ಹೊಲಿಗೆ ಕೋಣೆಗೆ.

ಕಲ್ಲನ್ನೇ ಯಾರೋ ಕಿತ್ತುಕೊಂಡು ಹೋಗಿದ್ದರೆ ಏನು ಮಾಡುತ್ತೀರಿ ಎಂದು ಮೇಷ್ಟ್ರು ನನ್ನನ್ನು ನೋಡಿಕೊಂಡು ಕೇಳಿದರು. ಸರ್ವೇಯರಮ್ಮ ಕನ್ನಡಕ ತೆಗೆದು ಒರೆಸಿದರು.

"ಕಲ್ಲು ಹೋಗಬಹುದು. ಕಲ್ಲಿನ ಕೆಳಗೆ ಹೂತದ್ದನ್ನ ಯಾರೂ ಒಯ್ಯಲ್ಲ. ಹಳೇ ಸರ್ವೇಯರುಗಳು ಗುಂಡಿ ತಳದಲ್ಲಿ ಒಂದು ಹಿಡಿ ಇದ್ದಿಲು ಹಾಕಿ ಮೇಲೆ ಕಲ್ಲು ನೆಡ್ತಿದ್ರು. ಇದ್ದಿಲು ಕೊಳೆಯಲ್ಲ, ಕರಗಲ್ಲ. ಎಲ್ಲಿ ಇದ್ದಿಲು, ಅಲ್ಲಿ ಮೂಲೆ."

ವಾರದ ಕೊನೆಗೆ ಬಂದು ಅಗೆಯುತ್ತೇವೆ ಎಂದು ಹೇಳಿ ಜೀಪು ಹತ್ತಿ ಹೊರಟುಹೋದರು. ಜೀಪಿನ ಧೂಳು ಇಳಿಯುವ ಮೊದಲೇ ನನ್ನ ತಲೆಯಲ್ಲಿ ಒಂದು ಯೋಜನೆ ಸಿದ್ಧವಾಗಿತ್ತು. ಸಾಧಾರಣ ಜನರಿಗೆ ಯೋಚನೆ ಬರುತ್ತದೆ, ನನಗೆ ಯೋಜನೆಯೇ ಬರುತ್ತದೆ.

ಬೀದಿ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇದೆ. ಇಸ್ತ್ರಿಯವನು ಈಗಲೂ ಇದ್ದಿಲಿನ ಪೆಟ್ಟಿಗೆಯಲ್ಲೇ ಬಟ್ಟೆ ಉಜ್ಜುತ್ತಾನೆ. ಒಂದು ಹಿಡಿ ಸಾಕಿತ್ತು. ಆದರೆ ಒಂದು ಹಿಡಿ ಕೇಳುವುದು ನನ್ನ ಅಂತಸ್ತಿಗೆ ಒಪ್ಪುವುದಿಲ್ಲ. ಒಂದು ಮೂಟೆ ಕೊಡು ಎಂದೆ. ಅವನು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇವತ್ತೇನು ಎಲ್ಲರಿಗೂ ಚಳಿಯೇ ಎಂದು ಕೇಳಿದ. ಈಗ ತಾನೇ ಡ್ರಿಲ್ ಮೇಷ್ಟ್ರು ಒಂದು ಚೀಲ ಒಯ್ದರಂತೆ. ಹಲ್ಲು ಉಜ್ಜಲು ಎಂದರಂತೆ. ಅಷ್ಟು ಇದ್ದಿಲಿನಲ್ಲಿ ಹಲ್ಲುಜ್ಜಬೇಕಾದರೆ ಇಡೀ ಶಾಲೆಯ ಮಕ್ಕಳ ಹಲ್ಲು ಬೇಕು.

ನೋಡಿದಿರಾ ಮನುಷ್ಯರ ಬುದ್ಧಿಯನ್ನು. ನ್ಯಾಯವಾಗಿ ಇರುವ ಸಾಕ್ಷಿ ಸಿಗಲಿ ಎಂದು ಕಾಯುವುದು ಬಿಟ್ಟು, ಸುಳ್ಳು ಸಾಕ್ಷಿ ಹೂಳುವುದೇ? ನನಗೆ ಮೈಯೆಲ್ಲ ಉರಿದುಹೋಯಿತು. ಮೂಟೆಯನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಗೆ ಬಂದೆ.

ಮೇಷ್ಟ್ರು ಮಧ್ಯಾಹ್ನ ಊಟವಾದ ಮೇಲೆ ಮಲಗುತ್ತಾರೆ. ಅವರ ಗೊರಕೆ ನಮ್ಮ ಹಿತ್ತಲಿಗೆ ಕೇಳುತ್ತದೆ, ಆಚೆ ಬೀದಿಗೂ ಕೇಳುತ್ತದೆ. ಗೊರಕೆ ಒಂದು ಲಯಕ್ಕೆ ಬಂದ ಮೇಲೆ ನಾನು ಸಲಿಕೆ ಹಿಡಿದು ಹೊರಟೆ. ಯಾರಾದರೂ ಕೇಳಿದರೆ ಇರಲಿ ಎಂದು ಇನ್ನೊಂದು ಕೈಯಲ್ಲಿ ಗುಲಾಬಿ ಗಿಡ. ಕೋಣೆಯ ಗೋಡೆಯಿಂದ ಒಂದು ಹೆಜ್ಜೆ ಆಚೆ ಹೂತಿದ್ದರೆ ಸಾಕಿತ್ತು. ಆದರೆ ಸಲಿಕೆ ಹಿಡಿದ ಮೇಲೆ ಅನಿಸಿತು, ಕಡಿಮೆ ಯಾಕೆ ಕೇಳಬೇಕು. ತೊಟ್ಟಿಯ ಬುಡದವರೆಗೂ ಹೋದೆ. ಅಗೆದೆ, ಇಡೀ ಮೂಟೆ ಸುರಿದೆ, ಮಣ್ಣು ಮುಚ್ಚಿದೆ. ಮಣ್ಣು ಉಳಿದುಹೋಯಿತು. ಸಮಾಧಿಯ ಹಾಗೆ ಉಬ್ಬಿ ನಿಂತ ಗುಡ್ಡೆಯ ಮೇಲೆ ಗುಲಾಬಿ ಗಿಡ ನೆಟ್ಟು ಕೈ ಕೊಡವಿ ಬಂದೆ.

ಮರುದಿನ ಬೆಳಗ್ಗೆ ನೋಡಿದರೆ ಮೇಷ್ಟ್ರು ನಮ್ಮ ಹೊಲಿಗೆ ಕೋಣೆಯ ಮಗ್ಗುಲಿಗೇ ಕೂತು ಏನನ್ನೋ ನೆಡುತ್ತಿದ್ದಾರೆ. ಟೊಮೆಟೊ ಸಸಿ ಎಂದರು. ನಮ್ಮ ಕೋಣೆಯ ನೆರಳಿನಲ್ಲಿ ಟೊಮೆಟೊ ಬಹಳ ಚೆನ್ನಾಗಿ ಬರುತ್ತದಂತೆ. ಆವರೆಗೆ ಇಬ್ಬರ ಹಿತ್ತಲಲ್ಲೂ ಹುಲ್ಲು ಬಿಟ್ಟು ಏನೂ ಬೆಳೆದದ್ದಿಲ್ಲ. ಹಾಲು ಹಾಕುವ ಹೆಂಗಸು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು: ಜಗಳ ಮುಗಿದ ಹಾಗಿದೆ, ಇಬ್ಬರೂ ತೋಟ ಮಾಡುತ್ತಿದ್ದಾರೆ, ನೋಡಿದರೆ ಕಣ್ಣು ತುಂಬುತ್ತದೆ.

ಇಷ್ಟರಲ್ಲಿ ಬಾಮೈದನಿಗೂ ಸುದ್ದಿ ತಲುಪಿತ್ತು. ಅಕ್ಕನ ಕೋಣೆಯ ವಿಷಯ ಎಂದ ಮೇಲೆ ಅವನೂ ಸುಮ್ಮನಿರುವ ಆಸಾಮಿಯಲ್ಲ. ನನಗೆ ಹೇಳದೆ ಕೇಳದೆ ಒಂದು ಸಂಜೆ ಬಂದು, ನನ್ನ ಗುಡ್ಡೆಯನ್ನೂ ದಾಟಿ, ತೊಟ್ಟಿಯ ಆಚೆಗೆ ಮೇಷ್ಟ್ರ ಬಚ್ಚಲ ಕಿಟಕಿಯ ಕೆಳಗೇ ತನ್ನ ಪಾಲಿನ ಇದ್ದಿಲು ಹೂತು ಹೋದ. ಮೇಷ್ಟ್ರ ಹೆಂಡತಿ ಕಿಟಕಿಯಿಂದ ನೋಡಿ ಯಾರು ಎಂದು ಕೇಳಿದರೆ, ಗ್ಯಾಸಿನ ಪೈಪು ನೋಡುವವನು ಎಂದನಂತೆ. ನಮ್ಮ ಬೀದಿಗೆ ಗ್ಯಾಸಿನ ಪೈಪು ಬಂದಿಲ್ಲ. ಆಕೆ ಸಂತೋಷದಿಂದ, ಯಾವಾಗ ಕೊಡುತ್ತೀರಿ ಎಂದು ಕೇಳಿದರಂತೆ.

ಈ ಎಲ್ಲದರ ನಡುವೆ ನನ್ನ ಹೆಂಡತಿ ಏನೂ ಹೂಳಲಿಲ್ಲ. ಕೈಯಲ್ಲಿದ್ದ ಬಟ್ಟೆಗಳನ್ನೆಲ್ಲ ಒಂದೇ ಸಮನೆ ಹೊಲಿದು ಮುಗಿಸುತ್ತಿದ್ದಳು. ಹೊಸ ಬಟ್ಟೆ ತಂದವರಿಗೆ, ಮುಂದಿನ ವಾರ ಹೇಳುತ್ತೇನೆ, ಈಗ ಬೇಡ ಎಂದು ವಾಪಸು ಕಳಿಸುತ್ತಿದ್ದಳು. ಅದನ್ನು ಕೇಳಿದಾಗ ನನಗೆ ಊಟ ಸೇರಲಿಲ್ಲ. ಸೇರಲಿಲ್ಲ ಎಂದರೆ, ಎಂದಿನಷ್ಟು ಸೇರಲಿಲ್ಲ.

ಅಗೆಯುವ ದಿನ ಬೀದಿಗೆ ಬೀದಿಯೇ ನಮ್ಮ ಹಿತ್ತಲಲ್ಲಿತ್ತು. ಕುರ್ಚಿ ತಂದವರು ತಂದರು, ಇಲ್ಲದವರು ಅರ್ಧ ಬೇಲಿಯ ಮೇಲೆ ಒರಗಿದರು. ಇಸ್ತ್ರಿಯವನು ಅಂಗಡಿಗೆ ಬೀಗ ಹಾಕಿ ಬಂದಿದ್ದ. ತನ್ನ ಇದ್ದಿಲಿನ ಗತಿ ಏನಾಯಿತು ಎಂದು ನೋಡುವ ಆಸೆ ಇದ್ದಿರಬೇಕು. ಸರ್ವೇಯರಮ್ಮ ಟೊಪ್ಪಿ ಸರಿಮಾಡಿಕೊಂಡು ಹಿತ್ತಲನ್ನು ಒಮ್ಮೆ ನೋಡಿದರು. ಗುಲಾಬಿಯ ಗುಡ್ಡೆ, ಟೊಮೆಟೊ ಸಾಲು, ಬಚ್ಚಲ ಕಿಟಕಿಯ ಕೆಳಗೆ ಹಸಿಮಣ್ಣು. ಹುಬ್ಬು ಮೇಲಕ್ಕೆ ಹೋಯಿತು, ಕೆಳಗೆ ಬರಲಿಲ್ಲ.

ಮೊದಲು ಗುಲಾಬಿ ಗಿಡ ಕೀಳಿಸಿದರು. ಜೀಪಿನ ಚಾಲಕನೇ ಅಗೆಯುವವನೂ ಆಗಿದ್ದ. ಎರಡು ಸಲ ಸಲಿಕೆ ಹಾಕಿದ್ದೇ ತಡ, ಇದ್ದಿಲು ಬಂತು. ಇಲ್ಲಿದೆ ನೋಡಿ ಎಂದು ನಾನು ಎಲ್ಲರಿಗಿಂತ ಮುಂಚೆ ಆಶ್ಚರ್ಯಪಟ್ಟೆ. ಇನ್ನೊಂದು ಸಲಿಕೆ ಹಾಕಿದ, ಇನ್ನಷ್ಟು ಬಂತು. ಬರುತ್ತಲೇ ಹೋಯಿತು. ಹೊರಗೆ ರಾಶಿ ಬಿದ್ದದ್ದನ್ನು ನೋಡಿ ಸರ್ವೇಯರಮ್ಮ, ಹಳೇ ಸರ್ವೇಯರು ಇಲ್ಲಿ ಕಲ್ಲು ನೆಟ್ಟನೋ ರೈಲು ಓಡಿಸಿದನೋ ಎಂದು ಕೇಳಿದರು. ಜನ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತದೆ.

ಆಮೇಲೆ ಟೊಮೆಟೊ. ಅಲ್ಲಿ ಇದ್ದಿಲು ಸಿಕ್ಕ ರೀತಿಯೇ ಬೇರೆ. ಒಂದೊಂದೇ ತುಂಡು, ಒಂದರ ಪಕ್ಕ ಒಂದು, ಸಮ ಅಂತರ, ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ದೊಡ್ಡವು ಹಿಂದೆ, ಚಿಕ್ಕವು ಮುಂದೆ. ಸೀಟಿ ಊದಿದರೆ ಎಡಕ್ಕೆ ತಿರುಗುತ್ತಿದ್ದವು. ಎಲ್ಲರ ಕಣ್ಣೂ ಮೇಷ್ಟ್ರ ಕಡೆ ಹೋಯಿತು. ಮೇಷ್ಟ್ರು ಆಕಾಶ ನೋಡುತ್ತಿದ್ದರು.

ಬಚ್ಚಲ ಕಿಟಕಿಯ ಕೆಳಗಿನ ಇದ್ದಿಲಂತೂ ಪ್ಲಾಸ್ಟಿಕ್ ಚೀಲದಲ್ಲಿತ್ತು, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು. ನೆನೆಯಬಾರದಲ್ಲ ಎಂದು ಬಾಮೈದ ನನ್ನ ಕಿವಿಯಲ್ಲಿ ಹೇಳಿದ. ಮೇಷ್ಟ್ರ ಹೆಂಡತಿ ಅವನನ್ನು ಗುರುತು ಹಿಡಿದು, ಗ್ಯಾಸಿನವರೇ, ಒಲೆಗೆ ಇದ್ದಿಲೂ ನೀವೇ ತರ್ತೀರಾ ಎಂದು ವಿಚಾರಿಸಿದರು.

ಸರ್ವೇಯರಮ್ಮ ಇದ್ದಿಲಿನ ಮೂರು ರಾಶಿಯ ನಡುವೆ ನಿಂತು ಎಲ್ಲರನ್ನೂ ಒಮ್ಮೆ ನೋಡಿದರು. "ಈ ಬಡಾವಣೆಯಲ್ಲಿ ಯಾರೂ ಇದ್ದಿಲು ಹಾಕಿಲ್ಲ. ಇಲ್ಲಿ ಹಾಕಿದ್ದೇನು ಅಂತ ನನಗೆ ಗೊತ್ತು. ಅದನ್ನ ಹೇಳಿದ್ರೆ ನೀವು ಅದನ್ನೇ ಹೂಳ್ತಿದ್ರಿ, ಅದಕ್ಕೆ ಇದ್ದಿಲು ಅಂದೆ. ಎಲ್ಲ ಕಡೆನೂ ಹೀಗೇ ಹೇಳ್ತೀನಿ. ಜನ ತಮಗೆ ಬೇಕಾದ ಕಡೆ ಅಗೀತಾರೆ, ಬೇಡದ ಕಡೆ ಮುಟ್ಟಲ್ಲ. ಮುಟ್ಟದ ಜಾಗ ನನಗೆ ಸಾಕು."

ಇಂಥ ಸುಳ್ಳನ್ನು ಇಷ್ಟು ಜನರೆದುರು ಯಾರಾದರೂ ಹೇಳುತ್ತಾರೆಯೇ? ಸರ್ಕಾರಿ ಅಧಿಕಾರಿಗಳಲ್ಲೇ ಸತ್ಯ ಇಲ್ಲ ಎಂದ ಮೇಲೆ ನನ್ನಂಥ ಪ್ರಾಮಾಣಿಕರು ಎಲ್ಲಿ ಹೋಗಬೇಕು? ಮೇಷ್ಟ್ರಿಗೂ ಹಾಗೆಯೇ ಅನಿಸಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆ ವಾರದಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಕಡೆ ಇದ್ದೆವು.

ಆದರೆ ನಗೆ ಅಲ್ಲಿಗೆ ನಿಂತಿತು. ಸರ್ವೇಯರಮ್ಮ ಟೇಪು ಹಿಡಿದರು. ನಮ್ಮ ಎಡಗಡೆಯ ಗಡಿಯಲ್ಲಿ ಹಿತ್ತಲ ಕಲ್ಲು ಗಟ್ಟಿಯಾಗಿ ನಿಂತಿದೆ. ಅಲ್ಲಿಂದ ಬಲಕ್ಕೆ ಹಳೆಯ ನಕ್ಷೆಯಲ್ಲಿ ಬರೆದಷ್ಟು ಉದ್ದ ಅಳೆದುಕೊಂಡು ಬಂದರು. ಟೇಪು ಹಿತ್ತಲು ದಾಟಿತು. ಹೊಲಿಗೆ ಕೋಣೆಯ ಬಾಗಿಲೊಳಗೆ ಹೋಯಿತು. ಆಚೆ ಗೋಡೆಯಿಂದ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಸರ್ವೇಯರಮ್ಮ ಆ ಭಾರೀ ಮೇಜಿನ ಕೆಳಗೆ ಬಗ್ಗಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಉದ್ದಗೆರೆ ಎಳೆಯುತ್ತಿದ್ದರು.

ಹೆಂಡತಿ ಯಂತ್ರದ ಮೇಲೆ ಹೊದಿಕೆ ಎಳೆದಳು. ದಾರದ ಉಂಡೆಗಳನ್ನು ಒಂದು ಡಬ್ಬಿಗೆ ತುಂಬತೊಡಗಿದಳು. ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊರಗೆ ಬೇಲಿಯ ಮೇಲಿದ್ದವರಿಗೂ ವಿಷಯ ಗೊತ್ತಾಗಿ ಸದ್ದು ಅಡಗಿತು. ಮೇಷ್ಟ್ರು ಗೆದ್ದಿದ್ದರು, ಆದರೆ ಗೆದ್ದವರು ಬಾಗಿಲಲ್ಲಿ ನಿಂತು ಆ ಡಬ್ಬಿಯನ್ನೇ ನೋಡುತ್ತ ಕೊರಳ ಸೀಟಿಯನ್ನು ಸುಮ್ಮನೆ ತಿರುವುತ್ತಿದ್ದರು. ನನ್ನ ಬಾಯಿಗೆ ಮಾತು ಬರಲಿಲ್ಲ. ಇದನ್ನು ಚರಿತ್ರೆಯಲ್ಲಿ ಬರೆದಿಡಬೇಕು.

ಸರ್ವೇಯರಮ್ಮ ಮೇಜಿನ ಕೆಳಗಿನಿಂದ ತೆವಳಿಕೊಂಡು ಬಂದು, ಯಾಕೆ ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದೀರಿ ಎಂದರು. ಟೇಪು ತೋರಿಸುವುದು ಎಲ್ಲಿ ಹುಡುಕಲು ಶುರುಮಾಡಬೇಕು ಎಂದಷ್ಟೇ. ಹೆಂಡತಿಯನ್ನು ಕೇಳಿದರು, ಈ ಕೋಣೆಗೆ ಪಾಯ ತೆಗೆಯುವಾಗ ಇಲ್ಲೆಲ್ಲಾದರೂ ಕಲ್ಲೋ ಹಳೇ ಗುಂಡಿಯೋ ಸಿಕ್ಕಿತ್ತೇ? ಇಲ್ಲ ಎಂದಳು ಹೆಂಡತಿ. ಪಾಯಕ್ಕೂ ಒಳಗಿನ ನೆಲಕ್ಕೂ ಅಗೆದಷ್ಟು ಹೊತ್ತೂ ಅವಳು ಗಾರೆಯವನ ತಲೆಯ ಮೇಲೇ ನಿಂತಿದ್ದಳು; ಗಟ್ಟಿ ಕೆಂಪು ಮಣ್ಣು ಬಿಟ್ಟರೆ ಏನೂ ಬಂದಿರಲಿಲ್ಲ. ಹಾಗಾದರೆ ಮೂಲೆ ಈ ಕೋಣೆಯೊಳಗೆ ಇರಲಿಲ್ಲ, ಆಚೆ ನೋಡೋಣ ಎಂದು ಸರ್ವೇಯರಮ್ಮ ಹೊರಟರು.

ಮೇಷ್ಟ್ರ ಟೊಮೆಟೊ ಸಾಲಿಗೂ ನನ್ನ ಗುಡ್ಡೆಗೂ ನಡುವೆ ಒಂದು ಪಟ್ಟಿ ನೆಲ ಉಳಿದಿತ್ತು. ಮೇಷ್ಟ್ರಿಗೆ ಅದು ತೀರ ಆಚೆ, ನನಗೆ ತೀರ ಈಚೆ. ಹಾಗಾಗಿ ಇಬ್ಬರೂ ಅದನ್ನು ಮುಟ್ಟಿರಲಿಲ್ಲ. ಚಾಲಕ ಈ ಸಲ ಸಲಿಕೆಯಿಂದ ಅಗೆಯಲಿಲ್ಲ, ಹೆರೆದ. ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವಷ್ಟು ನಾಜೂಕಾಗಿ, ಒಂದು ಪದರ, ಇನ್ನೊಂದು ಪದರ. ಸರ್ವೇಯರಮ್ಮ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಅವರ ಬಾಯಿ ಮುಚ್ಚಿದ್ದರಿಂದ ಎಲ್ಲರ ಉಸಿರೂ ನಿಂತಿತು.

ಕೆಂಪು ಮಣ್ಣಿನ ನಡುವೆ ಕಪ್ಪಗೆ ಒಂದು ಚೌಕ ಕಾಣಿಸಿತು.

ಕಲ್ಲು ಹೋದ ಮೇಲೆ ಗುಂಡಿ ತಾನಾಗಿ ತುಂಬಿಕೊಂಡಿರುತ್ತದಂತೆ, ಮೇಲಿನ ಮಣ್ಣು ಎಲೆ ಕಸ ಎಲ್ಲ ಸೇರಿ. ಸುತ್ತಲ ನೆಲದ ಬಣ್ಣ ಬೇರೆ, ಗುಂಡಿಯ ಬಣ್ಣ ಬೇರೆ. ಬಣ್ಣದ ವಿಷಯದಲ್ಲಿ ನನ್ನ ಮಾತೇ ಕೊನೆ. ಅವು ಬೇರೆ ಬೇರೆಯೇ ಎಂದು ನಾನು ಸ್ಥಳದಲ್ಲೇ ದೃಢಪಡಿಸಿದೆ. ಆ ಚೌಕವನ್ನು ತಳದವರೆಗೆ ಬಿಡಿಸಿದಾಗ ಒಡೆದ ಬಾಟಲಿಯ ಚೂರುಗಳು ಬಂದವು. ಹಸಿರು ಗಾಜು, ದಪ್ಪ, ಮಣ್ಣು ಕಚ್ಚಿಕೊಂಡದ್ದು. ಸರ್ವೇಯರಮ್ಮ ಒಂದು ಚೂರನ್ನು ಬಿಸಿಲಿಗೆ ಹಿಡಿದರು. ಇಡೀ ಬಡಾವಣೆಯ ಮೂಲೆಗಳಲ್ಲಿ ಇದೇ ಗಾಜಂತೆ. ನೆಟ್ಟವನು ಬಾಟಲಿ ಖಾಲಿ ಮಾಡುವುದರಲ್ಲೂ ಚುರುಕಾಗಿದ್ದಿರಬೇಕು.

ಆ ಗುಂಡಿ ಹೊಲಿಗೆ ಕೋಣೆಯ ಗೋಡೆಯಿಂದ ಆಚೆಗಿತ್ತು. ಗೋಡೆಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನುಸುಳಬಹುದು. ಮೇಷ್ಟ್ರ ತೊಟ್ಟಿ ಇನ್ನೂ ಆಚೆ, ಅದಕ್ಕೂ ಏನೂ ಅಪಾಯವಿಲ್ಲ.

ಹಾಗಾದರೆ ಟೇಪು ಸುಳ್ಳು ಹೇಳಿತೇ ಎಂದು ಮೇಷ್ಟ್ರು ಕೇಳಿದರು. ಟೇಪು ಸುಳ್ಳಲ್ಲ, ಹಳೇ ಸರ್ವೇಯರು ನೆಲ ಅಳೆದ ಸರಪಳಿ ಸವೆದಿತ್ತು ಎಂದರು ಸರ್ವೇಯರಮ್ಮ. ಕೊಂಡಿಗಳು ಸವೆದು ಸವೆದು ಸರಪಳಿ ಉದ್ದವಾಗಿತ್ತು. ಅದರಲ್ಲಿ ಅಳೆದವನು ನೆಲದ ಮೇಲೆ ಜಾಸ್ತಿ ಜಾಗ ಬಿಟ್ಟು ಕಾಗದದ ಮೇಲೆ ಕಡಿಮೆ ಬರೆದಿದ್ದ.

"ಕಾಗದ ಏನು ಹೇಳುತ್ತೆ ಅನ್ನೋದು ಮುಖ್ಯ ಅಲ್ಲ ಮೇಷ್ಟ್ರೇ. ಅವತ್ತು ಕಲ್ಲು ಎಲ್ಲಿ ನಿಂತಿತ್ತೋ ಅದೇ ಮೂಲೆ. ಇಲ್ಲಿ ನಿಂತಿತ್ತು. ಅಮ್ಮಾ, ನಿಮ್ಮ ಗೋಡೆ ನಿಮ್ಮ ಜಾಗದಲ್ಲೇ ಇದೆ."

ನನ್ನ ಹೆಂಡತಿ ಒಳಗೆ ಹೋದಳು. ಡಬ್ಬಿಯಿಂದ ದಾರದ ಉಂಡೆಗಳನ್ನು ಮತ್ತೆ ಹೊರಗೆ ತೆಗೆಯುವ ಸದ್ದು ಕೇಳಿಸಿತು. ನಾನು ಅಲ್ಲೇ ಇದ್ದಿಲಿನ ರಾಶಿಯ ಮೇಲೆ ಕೂತುಬಿಟ್ಟೆ. ಅಗೆದು ಅಗೆದು ಆಯಾಸವಾಗಿದೆ ಎಂದು ಪಕ್ಕದವರಿಗೆ ಹೇಳಿದೆ. ಅಗೆದವನು ಚಾಲಕ.

ಜೀಪಿನಲ್ಲಿ ಹೊಸ ಕಲ್ಲು ತಂದಿದ್ದರು. ಅದೇ ಗುಂಡಿಗೆ ಇಳಿಸಬೇಕು, ಎರಡು ಮನೆಯವರೂ ಹಿಡಿಯಬೇಕು ಎಂದು ಸರ್ವೇಯರಮ್ಮನ ಅಪ್ಪಣೆಯಾಯಿತು. ಆ ಕಲ್ಲಿನ ತೂಕ ಒಂದು ಆನೆಮರಿಯಷ್ಟಿತ್ತು ಎಂದರೆ ಕಡಿಮೆ ಹೇಳಿದ ಹಾಗೆ. ನಾನೊಂದು ಕಡೆಯಿಂದ, ಮೇಷ್ಟ್ರೊಂದು ಕಡೆಯಿಂದ ಅದನ್ನು ತಬ್ಬಿ ಗುಂಡಿಗೆ ಇಳಿಸಿದೆವು. ಕಲ್ಲು ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ನೇರಕ್ಕೆ ನಿಲ್ಲುವವರೆಗೆ ಅಲ್ಲಾಡಬೇಡಿ ಎಂದು ಹೇಳಿದ ಸರ್ವೇಯರಮ್ಮನಿಗೆ ಆಗಲೇ ಫೋನು ಬಂತು. ಆಕೆ ಆಚೆ ಹೋಗಿ, ತಮ್ಮ ಮನೆಯ ಗೇಟಿನ ಮುಂದೆ ಪಕ್ಕದ ಮನೆಯವರು ಸ್ಕೂಟರ್ ಹೇಗೆ ನಿಲ್ಲಿಸಿದರು, ನೀವು ಸುಮ್ಮನೆ ಯಾಕಿದ್ದಿರಿ ಎಂದು ಯಾರನ್ನೋ ತರಾಟೆಗೆ ತೆಗೆದುಕೊಳ್ಳತೊಡಗಿದರು.

ಕಲ್ಲನ್ನು ತಬ್ಬಿ ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆವು. ಅಷ್ಟು ಹತ್ತಿರದಿಂದ ಮೇಷ್ಟ್ರ ಮೀಸೆಯನ್ನು ಅವರ ಹೆಂಡತಿಯೂ ಬಹಳ ದಿನದಿಂದ ನೋಡಿರಲಾರರು. ಅವರು ಕಲ್ಲಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿದರು. ತೊಟ್ಟಿ ಹೋದರೆ ತಮ್ಮ ಹೆಂಡತಿ ಮುಂದಿನ ನಲ್ಲಿಯಿಂದ ನೀರು ಹೊರಬೇಕಾಗುತ್ತಿತ್ತಂತೆ. ಆಕೆಗೆ ಮಂಡಿನೋವು. ನೀವು ಅಷ್ಟು ಖಂಡಿತವಾಗಿ ತೊಟ್ಟಿಯವರೆಗೂ ನಮ್ಮದು ಅಂದಿರಲ್ಲ, ನಿಮ್ಮ ಹತ್ತಿರ ಏನೋ ಆಧಾರ ಇರಬೇಕು ಅಂತ ನಿದ್ದೆ ಬರಲಿಲ್ಲ ಎಂದರು. ಗೊರಕೆಯ ವಿಷಯ ನಾನು ಎತ್ತಲಿಲ್ಲ. ಆಧಾರ ಏನಿತ್ತು ಎಂದು ಕೇಳಿದರು. ಬಾಲ್ಕನಿ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ವಿವರಿಸಲಿಲ್ಲ.

ಆಗ ಕಲ್ಲು ಸ್ವಲ್ಪ ವಾಲಿತು. ಮೇಷ್ಟ್ರು ಬಗ್ಗಿ ಒತ್ತಿಹಿಡಿದರು. ಬಟ್ಟೆ ಹರಿಯುವ ಸದ್ದು ಅಷ್ಟು ಜನರ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಕೆಲಸದಲ್ಲಿದ್ದಾಗಿನ ಪ್ಯಾಂಟು ಅದು; ಮೇಷ್ಟ್ರು ನಿವೃತ್ತರಾಗಿದ್ದರು, ಅದಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ. ಹಿಂಭಾಗದ ಹೊಲಿಗೆ ಮೇಲಿನಿಂದ ಕೆಳಗೆ ಬಿಟ್ಟುಕೊಂಡಿತ್ತು. ಅವರ ಎರಡು ಕೈಯೂ ಕಲ್ಲಿನ ಮೇಲೆ, ಬೀದಿಯೆಲ್ಲ ಬೆನ್ನ ಹಿಂದೆ.

ಕಿಟಕಿಯಲ್ಲಿ ನನ್ನ ಹೆಂಡತಿಯ ಮುಖ ಕಾಣಿಸಿತು. ಮೇಷ್ಟ್ರೇ, ಒಳಗೆ ಬನ್ನಿ ಎಂದಳು, ಹೊಲಿದು ಕೊಡ್ತೀನಿ.

ಮೇಷ್ಟ್ರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಕಲ್ಲು ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಹೊಲಿಗೆ ಕೋಣೆಯ ಬಾಗಿಲೊಳಗೆ ಮರೆಯಾದರು. ಹೆಜ್ಜೆಯಲ್ಲಿ ಒಂದು ತಪ್ಪಿಲ್ಲ. ಆನೆಮರಿಯನ್ನು ನಾನೊಬ್ಬನೇ ಹಿಡಿದುಕೊಂಡು ನಿಂತೆ. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಹೊಲಿಗೆ ಹಾಕಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ, ಸೊಂಟ ಸಡಿಲ ಮಾಡಬೇಕು ಎಂದು ಹೆಂಡತಿ ಅವರಿಗೊಂದು ಬೆಡ್‌ಶೀಟು ಸುತ್ತಿಕೊಳ್ಳಲು ಕೊಟ್ಟು, ಅಳತೆ ಪಟ್ಟಿ ತೆಗೆದಳು. ಮೇಷ್ಟ್ರು ಆ ಮೇಜಿನ ಪಕ್ಕ ಸಾವಧಾನ ಭಂಗಿಯಲ್ಲಿ ನಿಂತು, ಎದೆ ಉಬ್ಬಿಸಿ, ಹೊಟ್ಟೆಯನ್ನು ಬೆನ್ನೆಲುಬಿಗೆ ಅಂಟುವಷ್ಟು ಒಳಗೆಳೆದುಕೊಂಡರು.

"ಉಸಿರು ಬಿಡಿ ಮೇಷ್ಟ್ರೇ," ಎಂದಳು ನನ್ನ ಹೆಂಡತಿ. "ಇರೋ ಅಷ್ಟೇ ಅಳೀತೀನಿ."

ಮೇಷ್ಟ್ರು ಉಸಿರು ಬಿಟ್ಟರು. ಅಷ್ಟು ಉದ್ದದ ಉಸಿರನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಕಿಟಕಿಯ ಪರದೆ ಹಾರಿತು ಎಂದರೆ ನೀವು ನಂಬಬೇಕು. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂತಿತು. ಅಳತೆ ಪಟ್ಟಿ ಅದರ ಸುತ್ತ ನಿಧಾನವಾಗಿ ಬಂತು. ಹೆಂಡತಿ ನಗುತ್ತಿದ್ದಳು, ಯಂತ್ರದ ಮೇಲಿನ ಹೊದಿಕೆ ನೆಲದಲ್ಲಿ ಬಿದ್ದಿತ್ತು. ನನಗೆ ಗೊತ್ತಿಲ್ಲದೆ ನಾನೂ ಒಂದು ಉಸಿರು ಬಿಟ್ಟೆ.

ಯಾರೋ ಭುಜ ತಟ್ಟಿದರು. ಚಾಲಕ. ಗುಂಡಿಗೆ ಮಣ್ಣು ತುಂಬಿ, ತುಳಿದು, ಸಲಿಕೆ ತೊಳೆದು ಆಗಿತ್ತಂತೆ. ಇನ್ನು ಬಿಡಿ, ಅದು ಆಗಲೇ ನಿಂತಿದೆ ಎಂದ. ಅದು ನಿಂತದ್ದು ನನ್ನಿಂದಲೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಬಿಟ್ಟೆ.